ಎಂಜಿನ್ನಿನ ಸದ್ದಿನ ಬೆನ್ನು ಹತ್ತಿದ ಥಾಮಸ್ ಮಿಜ್ಲಿ

ಅವರ್ಸಾದಲ್ಲಿ ಹೆದ್ದಾರಿಯ ಬದಿಗೆ ನಿಂತರೆ ಎಷ್ಟೊಂದು ಬಗೆಯ ವಾಹನಗಳು ಕಾಣುತ್ತವೆ! ಮೀನು ತುಂಬಿದ ಲಾರಿ, ಕಾರವಾರದ ಬಸ್ಸು, ಅಂಕೋಲೆಯ ಟೆಂಪೋ, ಬೈಕು, ಕಾರು. ನೀವು ಕಣ್ಣು ಮುಚ್ಚಿಕೊಂಡರೂ ಸದ್ದಿನಿಂದಲೇ ಇದು ಬಸ್ಸು, ಇದು ಬೈಕು ಎಂದು ಗುರುತಿಸಬಲ್ಲಿರಿ. ಇಂದು ನಾವು ಅಂಥ ಒಂದು ಸದ್ದಿನ ಬೆನ್ನು ಹತ್ತೋಣ.

ನಮ್ಮ ಮನೆಯಲ್ಲಿ ಒಂದು ಹಳೆಯ ಪೆಟ್ರೋಲ್ ಕಾರಿತ್ತು. ಅವರ್ಸಾದಿಂದ ಅಂಕೋಲೆಯವರೆಗಿನ ಸಪಾಟು ದಾರಿಯಲ್ಲಿ ಅದರದ್ದೇನೂ ತಕರಾರಿರಲಿಲ್ಲ. ಆದರೆ ಬಾಳೆಗುಳಿಯಲ್ಲಿ ಯಲ್ಲಾಪುರದ ಕಡೆಗೆ ತಿರುಗಿ, ಅರಬೈಲ್ ಘಟ್ಟ ಏರತೊಡಗಿದರೆ ಸಾಕು, ಎಂಜಿನ್ನಿನಿಂದ ಟಿಣ್ ಟಿಣ್ ಟಿಣ್ ಎಂಬ ಸದ್ದು ಶುರುವಾಗುತ್ತಿತ್ತು. ತಗಡಿನ ಡಬ್ಬಿಯಲ್ಲಿ ನಾಲ್ಕು ಗೋಲಿ ಹಾಕಿ ಅಲುಗಿಸಿದ ಹಾಗೆ! ಗ್ಯಾರೇಜಿನವರು ಇದನ್ನು ನಾಕಿಂಗ್ ಎನ್ನುತ್ತಾರೆ. ಸದ್ದು ಸಣ್ಣದಾಗಿದ್ದರೆ ಪಿಂಗಿಂಗ್ ಎನ್ನುವುದೂ ಉಂಟು. ಸಣ್ಣ ಸದ್ದೆಂದು ಬಿಟ್ಟುಬಿಡುವಂತಿಲ್ಲ. ಬಹಳ ದಿನ ಹೀಗೇ ಓಡಿಸಿದರೆ ಎಂಜಿನ್ನಿನೊಳಗಿನ ಪಿಸ್ಟನ್ ಬಿರುಕು ಬಿಡಬಹುದು, ತೂತೂ ಆಗಬಹುದು.

ಈ ಸದ್ದು ಏಕೆ ಬರುತ್ತದೆ? ಅದನ್ನು ನಿಲ್ಲಿಸುವುದು ಹೇಗೆ? ಸುಮಾರು ನೂರು ವರ್ಷಗಳ ಹಿಂದೆ ಅಮೆರಿಕದ ಒಬ್ಬ ಎಂಜಿನಿಯರ್ ಇದೇ ಪ್ರಶ್ನೆಗಳಿಗಾಗಿ ಐದು ವರ್ಷ ಶ್ರಮಿಸಿದರು. ಅವರೇ ಥಾಮಸ್ ಮಿಜ್ಲಿ. ಉತ್ತರ ಅವರಿಗೆ ಸಿಕ್ಕಿತು. ಆದರೆ ಆ ಉತ್ತರದಿಂದ ಜಗತ್ತಿಗೆ ಭಾರಿ ತೊಂದರೆಯೂ ಆಯಿತು. ಅದು ಹೇಗೆಂದು ನೋಡೋಣ ಬನ್ನಿ.

ಸದ್ದು ಹುಟ್ಟುವುದು ಎಲ್ಲಿ?

ಮೊದಲು ಎಂಜಿನ್ನಿನ ಒಳಗೆ ಇಣುಕೋಣ. ಅಲ್ಲಿ ಸಿಲಿಂಡರ್ ಎಂಬ ಕೊಳವೆಯಿದೆ. ಅದರೊಳಗೆ ಪಿಸ್ಟನ್ ಮೇಲೆ ಕೆಳಗೆ ಚಲಿಸುತ್ತದೆ. ಪೆಟ್ರೋಲಿನ ಆವಿ ಮತ್ತು ಗಾಳಿಯ ಮಿಶ್ರಣ ಸಿಲಿಂಡರಿಗೆ ಬರುತ್ತದೆ. ಪಿಸ್ಟನ್ ಮೇಲೇರಿ ಅದನ್ನು ಒತ್ತುತ್ತದೆ. ಆಗ ಸ್ಪಾರ್ಕ್ ಪ್ಲಗ್ ಒಂದು ಕಿಡಿ ಹಾರಿಸುತ್ತದೆ. ಮಿಶ್ರಣ ಉರಿದು ಹಿಗ್ಗುತ್ತದೆ, ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಈ ತಳ್ಳುವ ಬಲದಿಂದಲೇ ಕಾರು ಓಡುತ್ತದೆ.

ಮಿಶ್ರಣವೆಲ್ಲ ಒಂದೇ ಕ್ಷಣದಲ್ಲಿ ಉರಿಯುವುದಿಲ್ಲ. ತೋಟದಲ್ಲಿ ಗುಡಿಸಿಟ್ಟ ದರಕಿನ ಒಂದು ಬದಿಗೆ ಬೆಂಕಿ ತಾಗಿದರೆ ಅದು ಸಾಲಾಗಿ ಇನ್ನೊಂದು ಬದಿಗೆ ಹರಡುವುದನ್ನು ನೀವು ನೋಡಿರಬಹುದು. ಸಿಲಿಂಡರಿನಲ್ಲಿಯೂ ಜ್ವಾಲೆ ಕಿಡಿಯ ಬಳಿಯಿಂದ ದೂರದ ಮೂಲೆಗೆ ಹೀಗೆಯೇ ಹರಡಬೇಕು. ಕೆಲವೊಮ್ಮೆ ಹಾಗಾಗುವುದಿಲ್ಲ. ಜ್ವಾಲೆ ತಲುಪುವ ಮೊದಲೇ, ಒತ್ತಡ ಮತ್ತು ಶಾಖ ತಾಳಲಾರದೆ, ಮೂಲೆಯಲ್ಲಿದ್ದ ಮಿಶ್ರಣ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಒತ್ತಡ ಥಟ್ಟನೆ ಏರಿ ಸಿಲಿಂಡರಿನ ಗೋಡೆಗೆ ಬಡಿಯುತ್ತದೆ. ಗಂಟೆಗೆ ಸುತ್ತಿಗೆ ಬಡಿದಂತೆ ಲೋಹ ಟಿಣ್ ಎನ್ನುತ್ತದೆ. ನಾವು ಕೇಳುವ ಸದ್ದು ಇದೇ.

ಇಷ್ಟನ್ನು ಇಂದು ನಾವು ಒಂದು ನಿಮಿಷದಲ್ಲಿ ಓದಿಬಿಟ್ಟೆವು. ಮಿಜ್ಲಿಯವರ ಕಾಲದಲ್ಲಿ ಇದು ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ.

ಸಂಶೋಧಕರ ಮನೆಯ ಹುಡುಗ

ಥಾಮಸ್ ಮಿಜ್ಲಿ ಹುಟ್ಟಿದ್ದು 1889ರ ಮೇ 18ರಂದು, ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಬೀವರ್ ಫಾಲ್ಸ್ ಎಂಬ ಊರಿನಲ್ಲಿ. ಬೆಳೆದದ್ದು ಒಹಾಯೋ ರಾಜ್ಯದ ಕೊಲಂಬಸ್ ನಗರದಲ್ಲಿ. ಅವರದು ಸಂಶೋಧಕರ ಮನೆತನ. ತಂದೆ ವಾಹನಗಳ ಟೈರುಗಳಲ್ಲಿ ಸುಧಾರಣೆ ತಂದವರು. ತಾಯಿಯ ತಂದೆ, ಹಲ್ಲುಗಳನ್ನು ಬದಲಾಯಿಸಬಹುದಾದ ಗರಗಸವನ್ನು ರೂಪಿಸಿದವರು.

1911ರಲ್ಲಿ ಮಿಜ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದರು. ಗಮನಿಸಿ, ಅವರು ರಸಾಯನ ವಿಜ್ಞಾನದ ಪದವೀಧರರಲ್ಲ. ಮುಂದೆ ಬೇಕಾದ ರಸಾಯನ ವಿಜ್ಞಾನವನ್ನು ಕೆಲಸ ಮಾಡುತ್ತಲೇ ಕಲಿತುಕೊಂಡರು. 1916ರಲ್ಲಿ ಡೇಟನ್ ನಗರದಲ್ಲಿ ಚಾರ್ಲ್ಸ್ ಕೆಟರಿಂಗ್ ಅವರ ಪ್ರಯೋಗಾಲಯಕ್ಕೆ ಸೇರಿದರು. ಕಾರನ್ನು ಕೈಯಿಂದ ಹ್ಯಾಂಡಲ್ ತಿರುಗಿಸಿ ಚಾಲೂ ಮಾಡುವ ಕಷ್ಟವನ್ನು ತಪ್ಪಿಸಿದ ವಿದ್ಯುತ್ ಸ್ಟಾರ್ಟರನ್ನು ರೂಪಿಸಿದವರು ಇದೇ ಕೆಟರಿಂಗ್.

ಕೆಟರಿಂಗ್ ಅವರಿಗೆ ಒಂದು ತಲೆನೋವಿತ್ತು. ಎಂಜಿನ್ನುಗಳು ಟಿಣ್ ಟಿಣ್ ಎಂದು ಬಡಿದುಕೊಳ್ಳುವುದಕ್ಕೆ ಅವರ ಬ್ಯಾಟರಿಯ ಕಿಡಿ ವ್ಯವಸ್ಥೆಯೇ ಕಾರಣವೆಂದು ಕೆಲವರು ದೂರುತ್ತಿದ್ದರು. ನಿಜವಾದ ಕಾರಣವನ್ನು ಹುಡುಕುವ ಕೆಲಸ ಇಪ್ಪತ್ತೇಳು ವರ್ಷದ ಮಿಜ್ಲಿಯವರ ಪಾಲಿಗೆ ಬಂತು.

ತಪ್ಪು ಊಹೆ, ಸರಿಯಾದ ಪರೀಕ್ಷೆ

ಮಿಜ್ಲಿ ಮೊದಲು ಮಾಡಿದ್ದು ಅಳತೆ. ಸಿಲಿಂಡರಿನ ಒಳಗಿನ ಒತ್ತಡ ಕ್ಷಣಕ್ಷಣಕ್ಕೆ ಹೇಗೆ ಬದಲಾಗುತ್ತದೆ ಎಂದು ತೋರಿಸುವ ಸಾಧನವನ್ನು ಎಂಜಿನ್ನಿಗೆ ಜೋಡಿಸಿದರು. ಕಿಡಿ ಹಾರಿದ ನಂತರ, ಮಿಶ್ರಣ ಉರಿಯುತ್ತಿರುವಾಗ, ಒತ್ತಡ ಒಮ್ಮೆಲೇ ಜಿಗಿಯುವುದು ಕಂಡಿತು. ಅಂದರೆ ತಪ್ಪು ಕಿಡಿಯದಲ್ಲ, ಇಂಧನ ಉರಿಯುವ ರೀತಿಯದು! ಸೀಮೆಎಣ್ಣೆ ಪೆಟ್ರೋಲಿಗಿಂತ ಹೆಚ್ಚು ಸದ್ದು ಮಾಡುತ್ತಿದ್ದುದೂ ಇದಕ್ಕೆ ಹೊಂದುತ್ತಿತ್ತು.

ಹಾಗಾದರೆ ಇಂಧನಕ್ಕೆ ಏನು ಬೆರೆಸಿದರೆ ಅದು ಸರಿಯಾಗಿ ಉರಿದೀತು? ಇಲ್ಲೊಂದು ತಮಾಷೆಯ ಘಟನೆಯಿದೆ. ಅಮೆರಿಕದ ಕಾಡಿನಲ್ಲಿ ನೆಲಕ್ಕೆ ಹಬ್ಬಿ ಬೆಳೆಯುವ ಒಂದು ಗಿಡವಿದೆ. ಅದರ ಎಲೆಗಳ ಹಿಂಬದಿ ಕೆಂಪು. ಹಿಮ ಕರಗುವ ಮೊದಲೇ ಅದು ಹೂ ಬಿಡುತ್ತದೆ. ಕೆಂಪು ಬಣ್ಣ ಶಾಖವನ್ನು ಚೆನ್ನಾಗಿ ಹೀರುವುದರಿಂದ ಹೀಗಾಗುತ್ತದೆಯೋ ಏನೋ ಎಂದು ಅವರು ಯೋಚಿಸಿದರು. ಇಂಧನಕ್ಕೂ ಕೆಂಪು ಬಣ್ಣ ಹಾಕಿದರೆ ಅದೂ ಶಾಖ ಹೀರಿ ಬೇಗ ಆವಿಯಾಗಬಹುದಲ್ಲವೇ?

1916ರ ಡಿಸೆಂಬರ್. ಮಿಜ್ಲಿ ಪ್ರಯೋಗಾಲಯದ ಉಗ್ರಾಣದಲ್ಲಿ ಎಣ್ಣೆಯಲ್ಲಿ ಕರಗುವ ಕೆಂಪು ಬಣ್ಣಕ್ಕಾಗಿ ಹುಡುಕಿದರು. ಸಿಗಲಿಲ್ಲ. ಸಿಕ್ಕಿದ್ದು ಅಯೋಡಿನ್. ಅದನ್ನೇ ಇಂಧನಕ್ಕೆ ಬೆರೆಸಿ ಎಂಜಿನ್ ಓಡಿಸಿದರು. ಸದ್ದು ನಿಂತಿತು!

ಬೇರೆಯವರಾಗಿದ್ದರೆ ಊಹೆ ನಿಜವಾಯಿತೆಂದು ಅಲ್ಲಿಗೇ ಕೆಲಸ ನಿಲ್ಲಿಸುತ್ತಿದ್ದರೇನೋ. ಮಿಜ್ಲಿ ನಿಲ್ಲಿಸಲಿಲ್ಲ. ಬೇರೆ ಬೇರೆ ಬಣ್ಣಗಳನ್ನು ತರಿಸಿ ಒಂದೊಂದಾಗಿ ಹಾಕಿ ನೋಡಿದರು. ಯಾವುದರಿಂದಲೂ ಸದ್ದು ನಿಲ್ಲಲಿಲ್ಲ. ಬಳಿಕ ಬಣ್ಣವೇ ಇಲ್ಲದ ಅಯೋಡಿನ್ ಸಂಯುಕ್ತವನ್ನು ಹಾಕಿದರು. ಸದ್ದು ನಿಂತಿತು. ಕೆಲಸ ಮಾಡಿದ್ದು ಬಣ್ಣವಲ್ಲ, ಅಯೋಡಿನ್ ಎಂದು ಖಚಿತವಾಯಿತು. ಊಹೆ ತಪ್ಪಾಗಿತ್ತು, ಪರೀಕ್ಷೆ ಸರಿಯಾಗಿತ್ತು. ಆದ್ದರಿಂದಲೇ ಸತ್ಯ ಹೊರಬಂತು.

ಧಾತುಗಳ ನಡುವೆ ಹುಡುಕಾಟ

ಅಯೋಡಿನ್ ದುಬಾರಿ. ಮೇಲಾಗಿ ಲೋಹವನ್ನು ತಿನ್ನುತ್ತಿತ್ತು. ಬೇರೆ ಪದಾರ್ಥ ಬೇಕಿತ್ತು. 1919ರಲ್ಲಿ ಅನಿಲೀನ್ ಎಂಬ ಪದಾರ್ಥವೂ ಸದ್ದು ನಿಲ್ಲಿಸುತ್ತದೆಂದು ತಿಳಿಯಿತು. ಅದರ ನಾತ ಸಹಿಸುವಂತಿರಲಿಲ್ಲ. ಸೆಲೆನಿಯಂ, ಟೆಲ್ಲೂರಿಯಂ ಧಾತುಗಳ ಸಂಯುಕ್ತಗಳು ಇನ್ನೂ ಚೆನ್ನಾಗಿ ಕೆಲಸ ಮಾಡಿದವು. ಆದರೆ ಟೆಲ್ಲೂರಿಯಮ್ಮಿನ ದುರ್ವಾಸನೆ ಬೆಳ್ಳುಳ್ಳಿಯನ್ನೂ ಮೀರಿಸುವಂಥದು. ಮೈಗೆ, ಬಟ್ಟೆಗೆ ಹತ್ತಿದರೆ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ!

ಕೈಗೆ ಸಿಕ್ಕಿದ್ದನ್ನು ಹಾಕಿ ನೋಡುವ ಬದಲು ಮಿಜ್ಲಿ ಈಗ ಧಾತುಗಳ ಆವರ್ತ ಕೋಷ್ಟಕವನ್ನು ಮುಂದಿಟ್ಟುಕೊಂಡರು. ಧಾತುಗಳನ್ನು ಅವುಗಳ ಗುಣಗಳಿಗೆ ಅನುಗುಣವಾಗಿ ಸಾಲುಗಳಲ್ಲಿ ಜೋಡಿಸಿದ ಪಟ್ಟಿಯೇ ಆವರ್ತ ಕೋಷ್ಟಕ. ಯಾವ ಧಾತು ಎಷ್ಟು ಚೆನ್ನಾಗಿ ಸದ್ದು ತಡೆಯಿತು ಎಂದು ಅದರಲ್ಲಿ ಗುರುತು ಮಾಡುತ್ತ ಹೋದರು. ಒಂದು ಕ್ರಮ ಕಾಣತೊಡಗಿತು. ಕೋಷ್ಟಕದ ಒಂದು ಮೂಲೆಯ ಭಾರವಾದ ಧಾತುಗಳೇ ಹೆಚ್ಚು ಪರಿಣಾಮಕಾರಿ ಎನ್ನಿಸಿತು. ಆ ಮೂಲೆಯಲ್ಲಿ ಇದ್ದದ್ದು ಸೀಸ.

1921ರ ಡಿಸೆಂಬರ್ 9ರಂದು ಸೀಸದ ಒಂದು ಸಂಯುಕ್ತವನ್ನು ಇಂಧನಕ್ಕೆ ಬೆರೆಸಿ ಎಂಜಿನ್ ಓಡಿಸಿದರು. ಅದರ ಹೆಸರು ಟೆಟ್ರಾಈಥೈಲ್ ಲೆಡ್. ಸಾವಿರ ಪಾಲು ಪೆಟ್ರೋಲಿಗೆ ಒಂದು ಪಾಲಿಗಿಂತಲೂ ಕಡಿಮೆ ಹಾಕಿದರೂ ಸದ್ದು ಪೂರ್ತಿ ಅಡಗಿತು. ಐದು ವರ್ಷಗಳ ಹುಡುಕಾಟ ಮುಗಿದಿತ್ತು.

ಒಂದು ಸಣ್ಣ ತೊಡಕು ಉಳಿದಿತ್ತು. ಸೀಸದ ಪುಡಿ ಸ್ಪಾರ್ಕ್ ಪ್ಲಗ್ ಮತ್ತು ಕವಾಟಗಳ ಮೇಲೆ ಕೂರುತ್ತಿತ್ತು. ಬ್ರೋಮಿನ್ ಸಂಯುಕ್ತವೊಂದನ್ನು ಜೊತೆಗೆ ಸೇರಿಸಿದಾಗ ಆ ಸೀಸ ಹೊಗೆಯೊಡನೆ ಹೊರಗೆ ಹೋಗತೊಡಗಿತು. ಅಷ್ಟೊಂದು ಬ್ರೋಮಿನ್ ಎಲ್ಲಿಂದ ತರುವುದು? ಸಮುದ್ರದಿಂದ! ನೀವು ಆಡುವ ಕಡಲತೀರದ ಒಂದು ಲೀಟರ್ ನೀರಿನಲ್ಲಿಯೂ ಸುಮಾರು 65 ಮಿಲಿಗ್ರಾಂ ಬ್ರೋಮಿನ್ ಇದೆ. 1930ರ ದಶಕದಲ್ಲಿ ಅಮೆರಿಕದಲ್ಲಿ ಸಮುದ್ರದ ನೀರಿನಿಂದಲೇ ಬ್ರೋಮಿನ್ ತೆಗೆಯುವ ಕಾರ್ಖಾನೆ ಶುರುವಾಯಿತು.

ಕೇಳದೆ ಬಿಟ್ಟ ಪ್ರಶ್ನೆ

1923ರ ಫೆಬ್ರವರಿ 2ರಂದು ಡೇಟನ್ ನಗರದಲ್ಲಿ ಹೊಸ ಪೆಟ್ರೋಲಿನ ಮಾರಾಟ ಆರಂಭವಾಯಿತು. ಅದಕ್ಕೆ ಈಥೈಲ್ ಎಂದು ಹೆಸರಿಟ್ಟರು. ಹೆಸರಿನಲ್ಲಿ ಸೀಸ ಎಂಬ ಪದವೇ ಇರಲಿಲ್ಲ! ಏಕಿರಬಹುದು, ಯೋಚಿಸಿ. ಸೀಸ ವಿಷವೆಂಬುದು ಜನರಿಗೆ ಬಹಳ ಹಿಂದಿನಿಂದಲೂ ಗೊತ್ತಿತ್ತು. ಮಿಜ್ಲಿಯವರಿಗೂ ಗೊತ್ತಿತ್ತು. ಸೀಸದೊಡನೆ ಕೆಲಸ ಮಾಡಿ ಅವರ ಆರೋಗ್ಯವೇ ಕೆಟ್ಟು, 1923ರ ಆರಂಭದಲ್ಲಿ ಕೆಲವು ವಾರ ವಿಶ್ರಾಂತಿ ಪಡೆಯಬೇಕಾಗಿ ಬಂದಿತ್ತು.

1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿ ರಾಜ್ಯದ ಕಾರ್ಖಾನೆಯೊಂದರಲ್ಲಿ ಈ ಸಂಯುಕ್ತವನ್ನು ತಯಾರಿಸುತ್ತಿದ್ದ ಐವರು ಕಾರ್ಮಿಕರು ಸೀಸದ ವಿಷದಿಂದ ಸತ್ತರು. ಇನ್ನೂ ಹಲವರು ಆಸ್ಪತ್ರೆ ಸೇರಿದರು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಅದೇ ತಿಂಗಳ 30ರಂದು ಮಿಜ್ಲಿ ಪತ್ರಕರ್ತರ ಎದುರಿಗೆ ಆ ದ್ರವವನ್ನು ಕೈಗೆ ಸುರಿದುಕೊಂಡು, ಅದರ ಆವಿಯನ್ನು ಒಂದು ನಿಮಿಷ ಮೂಸಿ ತೋರಿಸಿದರು. ಅದರಿಂದ ಅಪಾಯವಿಲ್ಲ ಎಂದು ನಂಬಿಸುವುದು ಅವರ ಉದ್ದೇಶ.

ಮಕ್ಕಳೇ, ಇದು ವಿಜ್ಞಾನದ ಪ್ರಯೋಗವೇ? ಅಲ್ಲ. ಅಯೋಡಿನ್ ಪ್ರಯೋಗದಲ್ಲಿ ಅಷ್ಟು ಎಚ್ಚರದಿಂದ ಪರೀಕ್ಷಿಸಿದ ಮನುಷ್ಯ ಇಲ್ಲಿ ಪರೀಕ್ಷೆಯನ್ನೇ ಮಾಡಲಿಲ್ಲ. ಒಬ್ಬರು ಒಂದು ನಿಮಿಷ ಮೂಸಿದರೆ ಏನಾಗುತ್ತದೆ ಎಂಬುದು ಪ್ರಶ್ನೆಯಾಗಿರಲಿಲ್ಲ. ಕೋಟ್ಯಂತರ ಜನ, ಅದರಲ್ಲೂ ನಿಮ್ಮಂಥ ಮಕ್ಕಳು, ವರ್ಷಗಟ್ಟಲೆ ಸೀಸದ ಹೊಗೆ ಸೇವಿಸಿದರೆ ಏನಾಗುತ್ತದೆ ಎಂಬುದು ಪ್ರಶ್ನೆ. ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆ 1925ರಲ್ಲಿಯೇ ಈ ಅಪಾಯದ ಬಗ್ಗೆ ಎಚ್ಚರಿಸಿದರು. ಮಾರಾಟ ಸ್ವಲ್ಪ ಕಾಲ ನಿಂತಿತು, 1926ರಲ್ಲಿ ಮತ್ತೆ ಶುರುವಾಯಿತು.

ಬೇರೆ ದಾರಿ ಇರಲಿಲ್ಲವೇ? ಇತ್ತು. ಎಥನಾಲ್, ಅಂದರೆ ಕಬ್ಬಿನ ಕಾಕಂಬಿ ಮತ್ತು ಧಾನ್ಯಗಳಿಂದ ತಯಾರಿಸುವ ಮದ್ಯಸಾರ ಬೆರೆಸಿದರೂ ಸದ್ದು ನಿಲ್ಲುತ್ತದೆಂದು ಮಿಜ್ಲಿಯವರಿಗೆ ತಿಳಿದಿತ್ತು. ಆದರೆ ಅದನ್ನು ಹೆಚ್ಚು ಪ್ರಮಾಣದಲ್ಲಿ ಹಾಕಬೇಕಿತ್ತು. ಯಾರು ಬೇಕಾದರೂ ತಯಾರಿಸಬಹುದಾದ್ದರಿಂದ ಕಂಪನಿಗೆ ಅದರಿಂದ ವಿಶೇಷ ಲಾಭವೂ ಇರಲಿಲ್ಲ. ಸೀಸವೇ ಗೆದ್ದಿತು.

ಕೊನೆಯ ವರ್ಷಗಳು

ಮಿಜ್ಲಿ ಮುಂದೆ ಫ್ರಿಜ್‌ಗಳಿಗೆ ಬೇಕಾದ ಅನಿಲವನ್ನು ಹುಡುಕಿದರು. ಆಗ ಬಳಸುತ್ತಿದ್ದ ಅನಿಲಗಳು ವಿಷಕಾರಿ, ಇಲ್ಲವೇ ಹೊತ್ತಿಕೊಳ್ಳುವಂಥವು. 1928ರಿಂದ 1930ರ ನಡುವೆ ಅವರ ತಂಡ ರೂಪಿಸಿದ ಕ್ಲೋರೋಫ್ಲೋರೋಕಾರ್ಬನ್ ಅನಿಲಕ್ಕೆ ಬೆಂಕಿ ಹತ್ತುತ್ತಿರಲಿಲ್ಲ, ವಿಷವೂ ಇರಲಿಲ್ಲ. ಆದರೆ ಅದು ಆಕಾಶದ ಎತ್ತರದಲ್ಲಿರುವ ಓಝೋನ್ ಪದರವನ್ನು ಹಾಳುಮಾಡುತ್ತದೆ ಎಂದು 1974ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. 1987ರ ಮಾಂಟ್ರಿಯಲ್ ಒಪ್ಪಂದದ ಮೂಲಕ ಜಗತ್ತು ಅದನ್ನು ಕೈಬಿಡತೊಡಗಿತು. ಓಝೋನ್ ವಿಷಯದಲ್ಲಿ ಮಿಜ್ಲಿಯವರನ್ನು ದೂರುವಂತಿಲ್ಲ. ಆಗ ಅದು ಯಾರಿಗೂ ತಿಳಿದಿರಲಿಲ್ಲ. ಸೀಸದ ಕತೆ ಹಾಗಲ್ಲ.

ಬದುಕಿದ್ದಾಗ ಅವರಿಗೆ ಗೌರವಗಳು ಬೇಕಾದಷ್ಟು ಬಂದವು. 1941ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿಗಳ ಅತ್ಯುನ್ನತ ಗೌರವವಾದ ಪ್ರೀಸ್ಟ್ಲಿ ಪದಕ ದೊರಕಿತು. ಆದರೆ 1940ರಲ್ಲಿಯೇ ಪೋಲಿಯೋ ತಗುಲಿ ಅವರ ಕಾಲುಗಳ ಶಕ್ತಿ ಹೋಗಿತ್ತು. ಹಾಸಿಗೆಯಿಂದ ಏಳಲು ಅವರು ತಾವೇ ಹಗ್ಗ ಮತ್ತು ರಾಟೆಗಳ ಸಾಧನವೊಂದನ್ನು ರೂಪಿಸಿಕೊಂಡಿದ್ದರು. 1944ರ ನವೆಂಬರ್ 2ರಂದು, 55ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಸೀಸ ಹೋದದ್ದು ಹೇಗೆ?

ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷ ಎಂದು ಲೆಕ್ಕ ಹಾಕಿದ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್. ಕಲ್ಲುಗಳಲ್ಲಿನ ಸೀಸವನ್ನು ಅಳೆಯುವಾಗ ಅವರಿಗೆ ಗಾಳಿ, ಧೂಳು, ಎಲ್ಲೆಡೆಯೂ ಸೀಸ ಸಿಗುತ್ತಿತ್ತು. ಇದರಲ್ಲಿ ಪೆಟ್ರೋಲಿನ ಹೊಗೆಯ ಪಾಲು ದೊಡ್ಡದೆಂದು ಅವರು ಕಂಡುಕೊಂಡರು. 1965ರಿಂದ ಅದರ ವಿರುದ್ಧ ದನಿಯೆತ್ತಿದರು. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ ಎಂದು ವೈದ್ಯರೂ ತೋರಿಸಿಕೊಟ್ಟರು. ಇಷ್ಟು ಸೀಸ ದೇಹಕ್ಕೆ ಹೋದರೆ ತೊಂದರೆಯಿಲ್ಲ ಎನ್ನುವ ಮಟ್ಟವೇ ಇಲ್ಲ.

ನಮ್ಮ ದೇಶದಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳಲ್ಲಿ ಸೀಸರಹಿತ ಪೆಟ್ರೋಲ್ ಬಂತು. 2000ದ ಫೆಬ್ರವರಿ 1ರಿಂದ ದೇಶದಾದ್ಯಂತ ಅದೇ ಆಯಿತು. 2021ರಲ್ಲಿ ಅಲ್ಜೀರಿಯಾ ದೇಶವೂ ನಿಲ್ಲಿಸಿದ ಮೇಲೆ, ಸೀಸ ಬೆರೆತ ಕಾರಿನ ಪೆಟ್ರೋಲ್ ಜಗತ್ತಿನಲ್ಲಿ ಎಲ್ಲಿಯೂ ಮಾರಾಟವಾಗುತ್ತಿಲ್ಲ. ಈಗ ತೈಲ ಶುದ್ಧೀಕರಣ ಕಾರ್ಖಾನೆಗಳಲ್ಲಿ ಪೆಟ್ರೋಲಿನ ಅಣುಗಳ ರಚನೆಯನ್ನೇ ಬದಲಾಯಿಸಿ ಸದ್ದು ತಡೆಯುತ್ತಾರೆ. ಎಥನಾಲನ್ನೂ ಬೆರೆಸುತ್ತಾರೆ. ನಮ್ಮ ಜಿಲ್ಲೆಯ ಹಳಿಯಾಳದ ಕಡೆ ಬೆಳೆಯುವ ಕಬ್ಬಿನಂಥ ಬೆಳೆಯಿಂದಲೇ ಎಥನಾಲ್ ಸಿಗುತ್ತದೆ. ಮಿಜ್ಲಿಯವರು ಬಿಟ್ಟ ದಾರಿಗೇ ನಾವು ಮರಳಿದ್ದೇವೆ!

ನಮ್ಮ ಕಾರಿನ ಸದ್ದು

ಈಗ ಅರಬೈಲ್ ಘಟ್ಟಕ್ಕೆ ಬರೋಣ. ನಮ್ಮ ಕಾರಿನಲ್ಲಿ ಇಂಜೆಕ್ಟರ್ ವ್ಯವಸ್ಥೆ ಇತ್ತು. ಪಂಪು ಪೆಟ್ರೋಲನ್ನು ಒತ್ತಡದಿಂದ ಕಳಿಸುತ್ತದೆ. ಇಂಜೆಕ್ಟರ್ ಎಂಬ ಸಣ್ಣ ಮೂತಿ ಅದನ್ನು ತುಂತುರಾಗಿ ಸಿಂಪಡಿಸುತ್ತದೆ. ಎಷ್ಟು ಸಿಂಪಡಿಸಬೇಕು, ಕಿಡಿ ಯಾವಾಗ ಹಾರಬೇಕು ಎಂದು ಒಂದು ಸಣ್ಣ ಕಂಪ್ಯೂಟರ್ ನಿರ್ಧರಿಸುತ್ತದೆ. ಕೆಲವು ಕಾರುಗಳಲ್ಲಿ ಸದ್ದನ್ನು ಗ್ರಹಿಸುವ ನಾಕ್ ಸೆನ್ಸರ್ ಕೂಡ ಇರುತ್ತದೆ. ಅದು ಸೂಚನೆ ಕೊಟ್ಟಾಗ ಕಂಪ್ಯೂಟರ್ ಕಿಡಿಯನ್ನು ತುಸು ತಡವಾಗಿ ಹಾರಿಸಿ ಸದ್ದನ್ನು ನಿಲ್ಲಿಸುತ್ತದೆ.

ಅಂಕೋಲೆಯ ಮೆಕ್ಯಾನಿಕ್ ಒಬ್ಬರು ನಮ್ಮ ಕಾರನ್ನು ನೋಡಿದರು. ಅವರು ಮಿಜ್ಲಿಯವರ ಹೆಸರು ಕೇಳಿದವರಲ್ಲ. ಆದರೆ ಕೆಲಸದ ರೀತಿ ಮಾತ್ರ ಅದೇ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸುವುದು, ಘಟ್ಟ ಹತ್ತಿಸಿ ಕೇಳುವುದು, ಆಮೇಲೆ ಮುಂದಿನದು.

ಮೊದಲು ಇಂಧನ. ಹೆಚ್ಚು ಆಕ್ಟೇನ್ ಸಂಖ್ಯೆಯ ಪೆಟ್ರೋಲ್ ಹಾಕಿಸಿದರು. ಈ ಸಂಖ್ಯೆ ಹೆಚ್ಚಿದ್ದಷ್ಟೂ ಪೆಟ್ರೋಲ್ ತಾನಾಗಿ ಹೊತ್ತಿಕೊಳ್ಳುವುದು ಕಡಿಮೆ. ಸದ್ದು ಕಡಿಮೆಯಾಯಿತು, ಆದರೆ ನಿಲ್ಲಲಿಲ್ಲ. ಎರಡನೆಯದು ಶಾಖ. ರೇಡಿಯೇಟರಿನ ನೀರು, ಫ್ಯಾನು ಸರಿಯಾಗಿದ್ದವು. ಮೂರನೆಯದು ಕಿಡಿ. ಸ್ಪಾರ್ಕ್ ಪ್ಲಗ್ ಕಾರಿನ ಪುಸ್ತಕದಲ್ಲಿ ಹೇಳಿದ್ದೇ ಆಗಿತ್ತು, ಕಿಡಿ ಹಾರುವ ಸಮಯವೂ ಸರಿಯಿತ್ತು. ಆದರೆ ತೆಗೆದು ನೋಡಿದ ಪ್ಲಗ್ಗಿನ ತುದಿ ತೀರಾ ಬೆಳ್ಳಗಿತ್ತು. ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು ಎನ್ನಲು ಅದೊಂದು ಸುಳಿವು. ಅಂಥ ಮಿಶ್ರಣ ಎಂಜಿನ್ ಶ್ರಮಪಡುವಾಗ ಹೆಚ್ಚು ಬಿಸಿಯಾಗಿ ತಾನೇ ಹೊತ್ತಿಕೊಳ್ಳುತ್ತದೆ.

ಪೆಟ್ರೋಲ್ ಏಕೆ ಕಡಿಮೆ ಬರುತ್ತಿದೆ? ಅವರು ಪೆಟ್ರೋಲಿನ ಕೊಳವೆಗೆ ಒತ್ತಡಮಾಪಕ ಜೋಡಿಸಿದರು. ಕಾರು ನಿಂತಿದ್ದಾಗ ಒತ್ತಡ ಸರಿಯಿತ್ತು. ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ಬೇಕಾದಾಗ ಮಾತ್ರ ಮುಳ್ಳು ಕೆಳಗಿಳಿಯುತ್ತಿತ್ತು. ಪೆಟ್ರೋಲ್ ಸೋಸುವ ಫಿಲ್ಟರ್ ವರ್ಷಗಳ ಕಸದಿಂದ ಕಟ್ಟಿಕೊಂಡಿತ್ತು! ಹೊಸ ಫಿಲ್ಟರ್ ಹಾಕಿದ ಮೇಲೆ, ಮೊದಲಿನ ಸಾಮಾನ್ಯ ಪೆಟ್ರೋಲಿನಲ್ಲಿಯೇ ಕಾರು ಸದ್ದಿಲ್ಲದೆ ಅರಬೈಲ್ ಘಟ್ಟ ಏರಿತು.

ಹೆಚ್ಚು ಆಕ್ಟೇನಿನ ಪೆಟ್ರೋಲ್ ಹಾಕುತ್ತಲೇ ಇದ್ದಿದ್ದರೆ ಸದ್ದು ತಗ್ಗುತ್ತಿತ್ತು, ರೋಗ ಒಳಗೇ ಉಳಿಯುತ್ತಿತ್ತು. ಬೇರೆ ಕಾರಿನಲ್ಲಿ ಕಾರಣ ಬೇರೆಯೇ ಇರಬಹುದು. ಸಿಲಿಂಡರಿನಲ್ಲಿ ಕಟ್ಟಿದ ಇಂಗಾಲದ ಮಸಿ, ಬಿರುಕು ಬಿಟ್ಟ ಗಾಳಿಯ ಕೊಳವೆ, ಕೆಟ್ಟ ನಾಕ್ ಸೆನ್ಸರ್, ಹೀಗೆ. ಆದ್ದರಿಂದಲೇ ಒಂದೊಂದಾಗಿ ಪರೀಕ್ಷಿಸಬೇಕು.

ಮಕ್ಕಳೇ, ಮಿಜ್ಲಿಯವರ ಜೀವನದಿಂದ ಎರಡು ಪ್ರಶ್ನೆಗಳನ್ನು ನೆನಪಿಡಿ. ಯಾವುದೇ ಪರಿಹಾರ ಕಂಡಾಗ, ಇದು ಕೆಲಸ ಮಾಡುತ್ತದೆಯೇ ಎಂದು ಕೇಳಿ. ಅಷ್ಟಕ್ಕೇ ನಿಲ್ಲದೆ, ಇದರಿಂದ ಬೇರೆ ಯಾರಿಗಾದರೂ ಏನಾದರೂ ಆಗುತ್ತದೆಯೇ ಎಂದೂ ಕೇಳಿ. ಮಿಜ್ಲಿ ಮೊದಲನೆಯ ಪ್ರಶ್ನೆಗೆ ಐದು ವರ್ಷ ಕೊಟ್ಟರು. ಎರಡನೆಯದಕ್ಕೆ ಒಂದು ನಿಮಿಷ ಕೊಟ್ಟರು.

ಮಾಡಿ ನೋಡಿ

ಸೈಕಲ್ ಪಂಪಿನ ತುದಿಯನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿ, ಹತ್ತು ಹದಿನೈದು ಸಲ ಬೇಗ ಬೇಗ ಒತ್ತಿ. ಈಗ ಪಂಪಿನ ತುದಿಯ ಭಾಗವನ್ನು ಮುಟ್ಟಿ ನೋಡಿ. ಏನು ತಿಳಿಯಿತು? ಒತ್ತಿದ ಗಾಳಿಗೆ ಹೀಗಾದರೆ, ಸಿಲಿಂಡರಿನ ಮೂಲೆಯಲ್ಲಿ ಸಿಕ್ಕಿಬಿದ್ದ ಮಿಶ್ರಣಕ್ಕೆ ಏನಾಗಬಹುದು? ನಿಮ್ಮ ಉತ್ತರವನ್ನು ಬರೆದು ಶಿಕ್ಷಕರಿಗೆ ತೋರಿಸಿ.